ಜೇನು ಹಾರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಲ್ಲಿ, ಜೇನು ಸಾಕಣೆಯ ತರಬೇತಿಗಳಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿಯೂ ಕೇಳಿಬರುವ ಪ್ರಶ್ನೆಗಳಿವು. ಜೇನುತುಪ್ಪ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯನ್ನು ಇಲ್ಲಿ ಬೇಕೆಂದೇ ಕೈಬಿಟ್ಟಿದ್ದೇನೆ. ಇಲ್ಲಿರುವುದು ಹಾರಾಟದ ವಿಚಾರ ಮಾತ್ರ.

ವಿಜ್ಞಾನದ ಪ್ರಕಾರ ಜೇನುನೊಣ ಹಾರಲು ಸಾಧ್ಯವೇ ಇಲ್ಲವಂತೆ. ಅದಕ್ಕೆ ಆ ವಿಷಯ ಗೊತ್ತಿಲ್ಲದ ಕಾರಣ ಹಾರುತ್ತದಂತೆ. ನಿಜವೇ?

ಅಲ್ಲ. ಮುಂಜಾನೆಯ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ, ಸೂರ್ಯೋದಯದ ಚಿತ್ರದ ಮೇಲೆ ಈ ಮಾತು ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆತ್ಮವಿಶ್ವಾಸ ತುಂಬುವವರಿಗೆ ಇದು ಬಹಳ ಇಷ್ಟ. ಆದರೆ ಇದರ ಬೇರು ಒಂದು ಅರ್ಧ ಲೆಕ್ಕದಲ್ಲಿದೆ.

1934ರಲ್ಲಿ ಫ್ರಾನ್ಸಿನ ಆಂತ್ವಾನ್ ಮಾನ್ಯಾಂ ಎಂಬ ಪ್ರಾಣಿಶಾಸ್ತ್ರಜ್ಞರು ಕೀಟಗಳ ಹಾರಾಟದ ಬಗ್ಗೆ ಪುಸ್ತಕ ಬರೆದರು. ಗಾಳಿಯ ಪ್ರತಿರೋಧಕ್ಕೆ ಸಂಬಂಧಿಸಿದ ನಿಯಮಗಳನ್ನು ಕೀಟಗಳಿಗೆ ಅನ್ವಯಿಸಿ ನೋಡಿದಾಗ ಅವುಗಳ ಹಾರಾಟ ಅಸಾಧ್ಯವೆಂಬ ಉತ್ತರ ಬಂದಿತೆಂದು ಅದರ ಪೀಠಿಕೆಯಲ್ಲಿ ಹೇಳಿದರು. ಲೆಕ್ಕಕ್ಕೆ ಜೊತೆಯಾದವರು ಆಂದ್ರೆ ಸೇಂಟ್ ಲಾಗ್ಯೂ ಎಂಬ ಗಣಿತಜ್ಞರು. ಕೀಟಗಳು ಪ್ರಕೃತಿಯ ನಿಯಮವನ್ನು ಮುರಿಯುತ್ತಿವೆ ಎಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ಕೈಯಲ್ಲಿದ್ದ ಸೂತ್ರಗಳು ಸಾಲವು ಎಂಬುದಷ್ಟೇ ಆ ಉತ್ತರದಿಂದ ತಿಳಿಯಬೇಕಾದದ್ದು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ‘ಕೀಟ’ ಹೋಗಿ ‘ದುಂಬಿ’ ಬಂತು, ಆಮೇಲೆ ‘ಜೇನು’ ಆಯಿತು. ‘ಸೂತ್ರ ಸಾಲದು’ ಎಂಬುದು ‘ವಿಜ್ಞಾನಕ್ಕೇ ಗೊತ್ತಿಲ್ಲ’ ಎಂದಾಯಿತು.

ಹಾಗಾದರೆ ಲೆಕ್ಕ ತಪ್ಪಿದ್ದು ಎಲ್ಲಿ?

ವಿಮಾನದ ರೆಕ್ಕೆ ಅಲುಗಾಡದೆ ನಿಂತಿರುತ್ತದೆ. ಗಾಳಿ ಅದರ ಮೇಲೂ ಕೆಳಗೂ ಸರಾಗವಾಗಿ ಹರಿದುಹೋಗುತ್ತದೆ. ಅಂಥ ರೆಕ್ಕೆಗಾಗಿ ಮಾಡಿದ ಸೂತ್ರಕ್ಕೆ ಜೇನಿನ ತೂಕವನ್ನೂ ಅದರ ಪುಟ್ಟ ರೆಕ್ಕೆಯ ವಿಸ್ತೀರ್ಣವನ್ನೂ ಹಾಕಿದರೆ ಮೇಲೆತ್ತುವ ಬಲ ಕಡಿಮೆ ಬೀಳುತ್ತದೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಜೇನು ರೆಕ್ಕೆ ಚಾಚಿಕೊಂಡು ತೇಲುವ ಪ್ರಾಣಿಯಲ್ಲ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ರೆಕ್ಕೆಯನ್ನು ಬೀಸುತ್ತದೆ, ಪ್ರತಿ ಬೀಸಿಗೂ ಅದನ್ನು ಮಗುಚುತ್ತದೆ. ಈ ಎರಡು ಸಂಗತಿಗಳನ್ನು ಬಿಟ್ಟು ಮಾಡಿದ ಲೆಕ್ಕ ಜೇನಿನದ್ದಲ್ಲ, ಜೇನಿನಷ್ಟೇ ತೂಕದ ಆಟಿಕೆ ವಿಮಾನದ್ದು.

ರೆಕ್ಕೆಯನ್ನು ಹಕ್ಕಿಯಂತೆ ಮೇಲೆ ಕೆಳಗೆ ಬಡಿಯುತ್ತದೆ ತಾನೆ?

ಹೆಚ್ಚಿನವರು ಹಾಗೆಯೇ ತಿಳಿದಿದ್ದಾರೆ. ನಿಂತಲ್ಲೇ ಹಾರುತ್ತಿರುವ ಜೇನಿನ ರೆಕ್ಕೆ ಮುಖ್ಯವಾಗಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಹೆಚ್ಚುಕಡಿಮೆ ಅಡ್ಡವಾಗಿಯೇ ಬೀಸುತ್ತಾ, ತುದಿಯಲ್ಲಿ ತಿರುಗಿ, ಮತ್ತೆ ಹಿಂದಿರುಗುತ್ತದೆ.

ಬಕೆಟ್ಟಿನ ನೀರಿನಲ್ಲಿ ಅಂಗೈಯನ್ನು ಸ್ವಲ್ಪ ಓರೆಯಾಗಿ ಹಿಡಿದು ಎಡಕ್ಕೆ ತಳ್ಳಿ ನೋಡಿ. ಕೈಯನ್ನು ಯಾರೋ ಮೇಲಕ್ಕೆ ಒತ್ತಿದಂತೆ ಅನಿಸುತ್ತದೆ. ಕೊನೆಯಲ್ಲಿ ಅಂಗೈಯ ಓರೆಯನ್ನು ಬದಲಿಸಿ ಬಲಕ್ಕೆ ತಳ್ಳಿ. ಮತ್ತೆ ಮೇಲಕ್ಕೇ ಒತ್ತುತ್ತದೆ. ಹೋಗುವಾಗಲೂ ಬರುವಾಗಲೂ ಲಾಭ. ಬಾವಿಯಲ್ಲಿ ಈಜು ಕಲಿತವರಿಗೆ, ಕಾಲು ಆಡಿಸದೆ ಬರೀ ಕೈಯಿಂದ ನಿಂತಲ್ಲೇ ತೇಲುವ ಈ ಉಪಾಯ ಗೊತ್ತಿರುತ್ತದೆ. ಜೇನು ಗಾಳಿಯಲ್ಲಿ ಮಾಡುವುದೂ ಅದನ್ನೇ.

ಬರೀ ಕೈಯಾಡಿಸಿದಂತೆ ಆಡಿಸಿದರೆ ಅಷ್ಟು ಬಲ ಬರುತ್ತದೆಯೇ?

ಇಲ್ಲಿಯೇ ಕೀಟಗಳ ನಿಜವಾದ ಗುಟ್ಟಿರುವುದು.

ವಿಮಾನದ ರೆಕ್ಕೆಯನ್ನು ಗಾಳಿಗೆ ಎದುರಾಗಿ ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆ ಮಾಡಿದರೆ ಅಪಾಯ. ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಳಚಿಕೊಳ್ಳುತ್ತದೆ, ಮೇಲೆತ್ತುವ ಬಲ ಕುಸಿಯುತ್ತದೆ, ವಿಮಾನ ಬೀಳಲು ಶುರುವಾಗುತ್ತದೆ. ಕೀಟಗಳು 45 ಡಿಗ್ರಿಯ ಆಸುಪಾಸಿನ ಓರೆಯಲ್ಲೂ ರೆಕ್ಕೆ ಬೀಸುತ್ತವೆ. ಅಷ್ಟು ಓರೆಯಾದ ರೆಕ್ಕೆಯ ಮುಂದಿನ ಅಂಚನ್ನು ದಾಟುವ ಗಾಳಿ, ಅಂಚಿನ ಹಿಂದೆಯೇ ಸುರುಳಿ ಸುತ್ತಿ ಒಂದು ಸುಳಿಯಾಗುತ್ತದೆ. ಸುಳಿಯ ಒಳಗೆ ಒತ್ತಡ ಕಡಿಮೆ. ಆ ಕಡಿಮೆ ಒತ್ತಡ ರೆಕ್ಕೆಯನ್ನು ಮೇಲಕ್ಕೆ ಎಳೆಯುತ್ತದೆ. ವಿಮಾನದಲ್ಲಾದರೆ ಇಂಥ ಸುಳಿ ಮರುಕ್ಷಣವೇ ಕಳಚಿಹೋಗಿ ಕೆಲಸ ಕೆಡಿಸುತ್ತದೆ. ಕೀಟದ ರೆಕ್ಕೆಯ ಬೀಸು ಚಿಕ್ಕದು. ಸುಳಿ ಅಂಟಿಕೊಂಡಿರುವಾಗಲೇ ಬೀಸು ಮುಗಿಯುತ್ತದೆ, ರೆಕ್ಕೆ ಮಗುಚುತ್ತದೆ, ಹೊಸ ಸುಳಿ ಹುಟ್ಟುತ್ತದೆ.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಕೇಂಬ್ರಿಡ್ಜ್‌ನ ಚಾರ್ಲ್ಸ್ ಎಲಿಂಗ್ಟನ್ ಮತ್ತು ಸಂಗಡಿಗರು, 1996ರಲ್ಲಿ. ಅವರು ಆರಿಸಿಕೊಂಡದ್ದು ಜೇನನ್ನಲ್ಲ, ದೊಡ್ಡ ಜಾತಿಯ ಪತಂಗವನ್ನು. ಅದು ಹಾರುವಾಗ ಹೊಗೆ ಹಾಯಿಸಿ, ಆಮೇಲೆ ಅದರದೇ ದೊಡ್ಡ ಯಾಂತ್ರಿಕ ಮಾದರಿ ಕಟ್ಟಿ, ರೆಕ್ಕೆಯ ಅಂಚಿಗೆ ಕುಳಿತ ಸುಳಿಯ ಚಿತ್ರ ತೆಗೆದರು.

ಮೂರು ವರ್ಷಗಳ ನಂತರ, 1999ರಲ್ಲಿ, ಅಮೆರಿಕದ ಬರ್ಕ್ಲಿಯಲ್ಲಿ ಮೈಕೆಲ್ ಡಿಕಿನ್ಸನ್, ಫ್ರಿಟ್ಜ್ ಓಲಾಫ್ ಲೇಮನ್ ಮತ್ತು ಸಂಜಯ್ ಸಾನೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಣ್ಣಿನ ನೊಣದ ರೆಕ್ಕೆಯನ್ನು ಸುಮಾರು 25 ಸೆಂಟಿಮೀಟರ್ ಉದ್ದಕ್ಕೆ ಹಿಗ್ಗಿಸಿ, ಖನಿಜ ತೈಲ ತುಂಬಿದ ತೊಟ್ಟಿಯಲ್ಲಿ ನಿಧಾನವಾಗಿ ಬೀಸಿದರು. ಎಣ್ಣೆ ಏಕೆಂದರೆ, ದೊಡ್ಡ ರೆಕ್ಕೆಗೆ ಎಣ್ಣೆಯ ಮಂದ ಮತ್ತು ನಿಧಾನದ ಬೀಸು ಸೇರಿದಾಗ, ಪುಟ್ಟ ನೊಣಕ್ಕೆ ಗಾಳಿ ಹೇಗೆ ವರ್ತಿಸುತ್ತದೆಯೋ ಹಾಗೆಯೇ ಎಣ್ಣೆಯೂ ವರ್ತಿಸುತ್ತದೆ. ಬುಡದಲ್ಲಿ ಬಲ ಅಳೆಯುವ ಉಪಕರಣ ಇಟ್ಟು ನೋಡಿದಾಗ ಬೀಸಿನ ಎರಡು ತುದಿಗಳಲ್ಲಿ, ರೆಕ್ಕೆ ಮಗುಚುವ ಹೊತ್ತಿನಲ್ಲಿ, ಬಲ ಜಿಗಿಯುವುದು ಕಂಡಿತು. ಒಂದು ಪಾಲು ಮಗುಚುವಿಕೆಯಿಂದಲೇ ಬಂದದ್ದು. ಇನ್ನೊಂದು ಪಾಲು, ಹಿಂದಿನ ಬೀಸು ಕಲಕಿಬಿಟ್ಟ ಗಾಳಿಗೆ ರೆಕ್ಕೆ ಮರಳಿ ನುಗ್ಗಿದಾಗ ಸಿಕ್ಕಿದ್ದು. ಖರ್ಚಾದ ಹಣದಲ್ಲಿ ಸ್ವಲ್ಪ ವಾಪಸು ಪಡೆಯುವ ಜಾಣತನ.

ಆ ಮೂವರಲ್ಲಿ ಸಂಜಯ್ ಸಾನೆ ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ, ಅಂದರೆ ಎನ್‌ಸಿಬಿಎಸ್‌ಗೆ, ಬಂದರು. ಅಲ್ಲಿ ಕೀಟಗಳ ಹಾರಾಟವನ್ನೇ ಅಧ್ಯಯನ ಮಾಡುವ ಪ್ರಯೋಗಾಲಯ ಕಟ್ಟಿದರು. ಹಾರುವ ಜೇನು ತನ್ನ ಕುಡಿಮೀಸೆಯನ್ನು, ಅಂದರೆ ತಲೆಯ ಮೇಲಿನ ಸ್ಪರ್ಶತಂತುಗಳನ್ನು, ಯಾವ ಕೋನದಲ್ಲಿ ಹಿಡಿಯುತ್ತದೆ, ಅದರಲ್ಲಿ ಎದುರುಗಾಳಿಯ ಪಾತ್ರವೆಷ್ಟು, ಕಣ್ಣಿಗೆ ಕಾಣುವ ದೃಶ್ಯದ ಪಾತ್ರವೆಷ್ಟು ಎಂಬ ಪ್ರಯೋಗಗಳೂ ಅಲ್ಲಿ ನಡೆದಿವೆ.

ಪತಂಗ, ಹಣ್ಣಿನ ನೊಣ ಎಲ್ಲ ಆಯಿತು. ಜೇನಿನ ಮಾತೇನು?

ನ್ಯಾಯವಾದ ಪ್ರಶ್ನೆ. ಜೇನಿನ ಲೆಕ್ಕ ಪ್ರತ್ಯೇಕವಾಗಿ ಇತ್ಯರ್ಥವಾಗಿದ್ದು 2005ರಲ್ಲಿ. ಡಗ್ಲಾಸ್ ಆಲ್ಟ್‌ಶುಲರ್, ಡಿಕಿನ್ಸನ್ ಮತ್ತಿತರರು ಅಮೆರಿಕದ ವಿಜ್ಞಾನ ಸಂಸ್ಥೆಯಾದ ಕ್ಯಾಲ್‌ಟೆಕ್‌ನಲ್ಲಿ ಯುರೋಪಿನ ಜೇನನ್ನು, ಅಂದರೆ ನಮ್ಮ ಸಾಕಣೆದಾರರು ಮೆಲ್ಲಿಫೆರಾ ಎನ್ನುವುದನ್ನು, ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿದರು.

ಕಂಡದ್ದು ವಿಚಿತ್ರವಾಗಿತ್ತು. ಸಾಮಾನ್ಯವಾಗಿ ಕೀಟ ದೊಡ್ಡದಾದಷ್ಟೂ ಬಡಿತ ನಿಧಾನ. ಹಣ್ಣಿನ ನೊಣ ಸೆಕೆಂಡಿಗೆ ಸುಮಾರು 200 ಸಲ ಬಡಿಯುತ್ತದೆ. ಅದಕ್ಕಿಂತ ಹತ್ತಾರು ಪಟ್ಟು ಭಾರದ ಜೇನು ನಿಧಾನವಾಗಿ ಬಡಿಯಬೇಕಿತ್ತು. ಅದು ಬಡಿಯುವುದು 230 ಸಲ! ಬೀಸಿನ ಅಗಲ ಮಾತ್ರ ಸಣ್ಣದು: ಹಣ್ಣಿನ ನೊಣದ ರೆಕ್ಕೆ ಅರ್ಧ ಸುತ್ತಿಗೆ ಹತ್ತಿರದಷ್ಟು ಬೀಸಿದರೆ, ಜೇನಿನದು ಸುಮಾರು 90 ಡಿಗ್ರಿ, ಕಾಲು ಸುತ್ತು. ಬೀಸು ಚಿಕ್ಕದಾದ್ದರಿಂದ ರೆಕ್ಕೆ ಮತ್ತೆ ಮತ್ತೆ ಮಗುಚುತ್ತದೆ. ಹಾಗಾಗಿ ಮಗುಚುವ ಹೊತ್ತಿನ ಬಲವೇ ಜೇನಿಗೆ ದೊಡ್ಡ ಆದಾಯ.

ಇದು ಮಿತವ್ಯಯದ ಹಾರಾಟವಲ್ಲ. ಅಗಲವಾಗಿ, ನಿಧಾನವಾಗಿ ಬೀಸಿದ್ದರೆ ಶಕ್ತಿ ಉಳಿಯುತ್ತಿತ್ತು. ಹಾಗಾದರೆ ಈ ದುಂದು ಏಕೆ? ಸಂಶೋಧಕರು ಜೇನನ್ನು ಆಮ್ಲಜನಕ ಮತ್ತು ಹೀಲಿಯಂ ಬೆರೆಸಿದ ಹಗುರ ಗಾಳಿಯಲ್ಲಿ ಹಾರಿಸಿದರು. ಸಾಮಾನ್ಯ ಗಾಳಿಯ ಮೂರನೇ ಒಂದು ಪಾಲು ಸಾಂದ್ರತೆ ಇರುವ, ಹಿಡಿತವೇ ಸಿಗದಂಥ ಗಾಳಿ. ಜೇನು ಬಡಿತದ ವೇಗವನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡು, ಬೀಸಿನ ಅಗಲವನ್ನು 130 ಡಿಗ್ರಿಯವರೆಗೆ ಹಿಗ್ಗಿಸಿ ಹಾರಿತು. ಅಂದರೆ ದಿನನಿತ್ಯ ಕಾಲು ಸುತ್ತು ಬೀಸುವ ಜೇನು, ಹೊರೆ ಬಿದ್ದ ದಿನಕ್ಕೆಂದು ಉಳಿದದ್ದನ್ನು ಕೈಯಲ್ಲಿ ಇಟ್ಟುಕೊಂಡಿದೆ. ಸಂಜೆ ಜೇನುಪೆಟ್ಟಿಗೆಯ ಬಾಗಿಲಿಗೆ ಹೊಟ್ಟೆ ತುಂಬ ಮಕರಂದ, ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುವ ಹುಳುವನ್ನು ನೋಡಿದವರಿಗೆ ಈ ಉತ್ತರ ಒಪ್ಪಿಗೆಯಾಗುತ್ತದೆ.

ಸೆಕೆಂಡಿಗೆ 230 ಸಲ ಎಂದರೆ ನಂಬುವುದು ಹೇಗೆ? ಯಾವ ಸ್ನಾಯು ಅಷ್ಟು ವೇಗವಾಗಿ ಕುಗ್ಗಿ ಹಿಗ್ಗುತ್ತದೆ?

ಒಂದು ಬಡಿತಕ್ಕೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲು ಸಮಯ. ಮಿದುಳು ಪ್ರತಿ ಸಲವೂ ‘ಕುಗ್ಗು’ ಎಂದು ಆದೇಶ ಕಳಿಸಿ, ಸ್ನಾಯು ಅದನ್ನು ಪಾಲಿಸಿ, ಮತ್ತೆ ಸಡಿಲವಾಗುವ ಹೊತ್ತಿಗೆ ಹುಳು ನೆಲಕ್ಕೆ ಬಿದ್ದಿರುತ್ತದೆ. ಆದ್ದರಿಂದ ಜೇನು ಆ ದಾರಿ ಹಿಡಿದಿಲ್ಲ.

ಅದರ ಹಾರಾಟದ ದೊಡ್ಡ ಸ್ನಾಯುಗಳು ರೆಕ್ಕೆಗೆ ಅಂಟಿಯೇ ಇಲ್ಲ. ಅವು ಇರುವುದು ಎದೆಭಾಗದ ಗಟ್ಟಿ ಚಿಪ್ಪಿನ ಒಳಗೆ, ಎರಡು ಕಟ್ಟುಗಳಾಗಿ. ಒಂದು ಕಟ್ಟು ನೆಟ್ಟಗೆ, ಚಿಪ್ಪಿನ ಚಾವಣಿಯಿಂದ ತಳಕ್ಕೆ. ಅದು ಕುಗ್ಗಿದರೆ ಚಾವಣಿ ಕೆಳಗಿಳಿಯುತ್ತದೆ, ಚಿಪ್ಪಿನ ಅಂಚಿಗೆ ಕೀಲಾಗಿ ಕೂತ ರೆಕ್ಕೆ ಮೇಲೇಳುತ್ತದೆ. ಇನ್ನೊಂದು ಕಟ್ಟು ಉದ್ದಕ್ಕೆ, ಮುಂದಿನಿಂದ ಹಿಂದಕ್ಕೆ. ಅದು ಕುಗ್ಗಿದರೆ ಚಾವಣಿ ಉಬ್ಬುತ್ತದೆ, ರೆಕ್ಕೆ ಇಳಿಯುತ್ತದೆ. ಒಂದು ಕಟ್ಟು ಕುಗ್ಗುವಾಗ ಇನ್ನೊಂದನ್ನು ಜಗ್ಗುತ್ತದೆ. ಈ ಸ್ನಾಯುಗಳ ಸ್ವಭಾವವೇನೆಂದರೆ, ಜಗ್ಗಿದ ಕೂಡಲೇ ತಾವಾಗಿ ಕುಗ್ಗುತ್ತವೆ. ಹೀಗೆ ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೆ ಇದಕ್ಕೆ, ಚಿಪ್ಪಿನ ಸಹಜ ಕಂಪನದ ಲಯದಲ್ಲಿ ಕೆಲಸ ಸಾಗುತ್ತದೆ. ನರದಿಂದ ಆಗಾಗ ಒಂದು ಸಂದೇಶ ಬರುತ್ತಿದ್ದರೆ ಸಾಕು, ಒಂದು ಸಂದೇಶಕ್ಕೆ ಹಲವು ಬಡಿತಗಳು. ಈ ಬಗೆಯ ಸ್ನಾಯುವಿನ ಮೇಲೆ ಬ್ರಿಟನ್ನಿನ ಜಾನ್ ಪ್ರಿಂಗಲ್ 1940ರ ದಶಕದ ಕೊನೆಯಲ್ಲಿಯೇ ಕೆಲಸ ಶುರು ಮಾಡಿದ್ದರು.

ರೆಕ್ಕೆಯ ಬುಡಕ್ಕೆ ನೇರವಾಗಿ ಅಂಟಿದ ಸಣ್ಣ ಸ್ನಾಯುಗಳೂ ಇವೆ. ಅವುಗಳ ಕೆಲಸ ಬಡಿಯುವುದಲ್ಲ, ರೆಕ್ಕೆಯ ಓರೆಯನ್ನು ತಿದ್ದಿ ದಿಕ್ಕು ಬದಲಿಸುವುದು.

ಜೇನಿಗೆ ರೆಕ್ಕೆ ಎರಡೋ ನಾಲ್ಕೋ?

ನಾಲ್ಕು. ಹಾರುವಾಗ ಎರಡೇ ಕಾಣುತ್ತವೆ, ಏಕೆಂದರೆ ಒಂದೊಂದು ಬದಿಯ ಎರಡೂ ರೆಕ್ಕೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ.

ಪೆಟ್ಟಿಗೆಯ ಮುಂದೆ ಸತ್ತು ಬಿದ್ದ ಹುಳು ಒಂದಲ್ಲ ಒಂದು ಇದ್ದೇ ಇರುತ್ತದೆ. ಅದನ್ನು ಬಿಳಿ ಕಾಗದದ ಮೇಲಿಟ್ಟು, ಹಿಂದಿನ ರೆಕ್ಕೆಯ ಮುಂದಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚಿನ ನಡುವಿಗಿಂತ ಸ್ವಲ್ಪ ಆಚೆಗೆ ಸಾಲಾಗಿ ಕೊಕ್ಕೆಗಳು ಕಾಣುತ್ತವೆ, ಸುಮಾರು ಇಪ್ಪತ್ತು. ಎಲ್ಲವೂ ಮೇಲಕ್ಕೆ ಬಾಗಿವೆ. ಮುಂದಿನ ರೆಕ್ಕೆಯ ಹಿಂದಂಚು ಕೆಳಕ್ಕೆ ಮಡಚಿಕೊಂಡು ಒಂದು ಸಣ್ಣ ಕಾಲುವೆಯಾಗಿದೆ. ಹುಳು ರೆಕ್ಕೆ ಬಿಚ್ಚಿದಾಗ ಮುಂದಿನದು ಹಿಂದಿನದರ ಮೇಲೆ ಜಾರುತ್ತಾ ಬಂದು ಕೊಕ್ಕೆಗಳು ಆ ಮಡಿಕೆಗೆ ಬೀಳುತ್ತವೆ. ಮಡಚಿದಾಗ ತಾವಾಗಿ ಕಳಚುತ್ತವೆ. ಸೂಜಿಯ ಮೊನೆಯಿಂದ ಮೆಲ್ಲನೆ ಮುಂದಿನ ರೆಕ್ಕೆಯನ್ನು ಎಳೆದರೆ ಸತ್ತ ಹುಳುವಿನಲ್ಲೂ ಕೊಕ್ಕೆ ಸಿಕ್ಕಿಕೊಳ್ಳುವುದನ್ನು ನೋಡಬಹುದು. ಎರಡು ಸಣ್ಣ ರೆಕ್ಕೆ ಕೂಡಿಸಿ ಹಾರುವಾಗ ದೊಡ್ಡದು ಮಾಡಿಕೊಳ್ಳುವ ಜೇನು, ಗೂಡಿನ ಇಕ್ಕಟ್ಟಿನಲ್ಲಿ ಅವನ್ನು ಮಡಚಿ ಬೆನ್ನಿಗೆ ಇಟ್ಟುಕೊಳ್ಳುತ್ತದೆ.

ಆ ಗುಂಯ್ ಎನ್ನುವ ಸದ್ದು ಬಾಯಿಂದಲೇ ಬರುವುದು ಅಲ್ಲವೇ?

ಅಲ್ಲ, ರೆಕ್ಕೆ ಮತ್ತು ಎದೆಭಾಗದ ಕಂಪನದಿಂದ. ಸೆಕೆಂಡಿಗೆ 230 ಕಂಪನವೆಂದರೆ ಸಂಗೀತದವರ ಲೆಕ್ಕದಲ್ಲಿ ಆರೂವರೆ ಮನೆ ಶ್ರುತಿಯ ಆಸುಪಾಸು. ಕಿವಿ ಪಳಗಿದವರು ತಂಬೂರಿ ಹಿಡಿದು ಪರೀಕ್ಷಿಸಬಹುದು. ನಮ್ಮ ತುಡುವೆ ಜೇನು ಮೆಲ್ಲಿಫೆರಾಕ್ಕಿಂತ ಗಾತ್ರದಲ್ಲಿ ಚಿಕ್ಕದು, ಹಾಗಾಗಿ ಅದರ ಶ್ರುತಿ ಇನ್ನೂ ಮೇಲೆ.

ಹಾರದೆಯೂ ಸದ್ದು ಮಾಡಬಹುದು. ರೆಕ್ಕೆ ಮಡಚಿಕೊಂಡೇ ಹಾರಾಟದ ಸ್ನಾಯುಗಳನ್ನು ಅದುರಿಸಿದರಾಯಿತು. ಹೊಸ ರಾಣಿ ಎರಿಯ ಮೇಲೆ ಕೂತು ಕೂಗುವುದು ಹೀಗೆಯೇ. ಬದನೆ, ಟೊಮೆಟೊ ಹೂಗಳಿಗೆ ತಬ್ಬಿ ಕೂತು ಗುರ್ ಎಂದು ಅದುರಿಸಿ ಪರಾಗ ಉದುರಿಸುವ ದುಂಬಿಗಳ ವಿದ್ಯೆಯೂ ಇದೇ. ಜೇನಿಗೆ ಮಾತ್ರ ಆ ಹೂವಿನ ವಿದ್ಯೆ ಬಾರದು.

ಚಳಿಯ ಬೆಳಗಿನಲ್ಲಿ ಹುಳುಗಳು ಹೊರಗೇ ಬರುವುದಿಲ್ಲವೇಕೆ?

ಎಂಜಿನ್ ಬಿಸಿಯಾಗಬೇಕು. ಎದೆಭಾಗ ಸುಮಾರು 30 ಡಿಗ್ರಿ ಸೆಲ್ಷಿಯಸ್ ಹತ್ತಿರಕ್ಕಾದರೂ ಬಾರದೆ ಹಾರಾಟದ ಸ್ನಾಯುಗಳು ಬೇಕಾದಷ್ಟು ಬಲ ಕೊಡುವುದಿಲ್ಲ. ಹುಳು ರೆಕ್ಕೆಯನ್ನು ಕೀಲಿನಿಂದ ಬಿಡಿಸಿದಂತೆ ಸುಮ್ಮನಿರಿಸಿ, ಸ್ನಾಯುಗಳನ್ನಷ್ಟೇ ನಡುಗಿಸಿ ಮೈ ಕಾಯಿಸಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಸೋಮಾರಿಯಾಗಿ ಕೂತಂತೆ ಕಾಣುತ್ತದೆ. ಹೊಟ್ಟೆಯ ಭಾಗ ಮಾತ್ರ ಉಸಿರಾಟಕ್ಕೆ ಹಿಗ್ಗಿ ಕುಗ್ಗುತ್ತಿರುತ್ತದೆ.

ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಹಾರುವಾಗ ಸ್ನಾಯುಗಳು ಸುಡುವ ಸಕ್ಕರೆಯ ಬಹುಪಾಲು ಶಾಖವಾಗಿಯೇ ಹೋಗುತ್ತದೆ. ಕೀಟವಿಜ್ಞಾನಿ ಬರ್ಂಡ್ ಹೈನ್ರಿಕ್ 1979ರಲ್ಲಿ ತೋರಿಸಿದಂತೆ, 45 ಡಿಗ್ರಿಯ ಬಿಸಿಲಲ್ಲಿ ಹಾರುವ ಜೇನು ಹೊಟ್ಟೆಯ ಮಕರಂದದ ಹನಿಯನ್ನು ನಾಲಿಗೆಗೆ ತಂದು, ಅದು ಆರುವಾಗ ತಲೆಯನ್ನು ತಂಪು ಮಾಡಿಕೊಳ್ಳುತ್ತದೆ. ತಲೆ ತಣ್ಣಗಾದರೆ ಎದೆಯ ಶಾಖವೂ ಅತ್ತ ಹರಿದು ಕಡಿಮೆಯಾಗುತ್ತದೆ.

ಎಷ್ಟು ಭಾರ ಹೊರುತ್ತದೆ, ಎಷ್ಟು ವೇಗ?

ಮೆಲ್ಲಿಫೆರಾದ ಕೆಲಸಗಾರ ಹುಳುವಿನ ತೂಕ ಸುಮಾರು 100 ಮಿಲಿಗ್ರಾಂ. ಸಾಮಾನ್ಯವಾಗಿ 30ರಿಂದ 40 ಮಿಲಿಗ್ರಾಂ ಮಕರಂದ ತರುತ್ತದೆ, ಒಳ್ಳೆಯ ಹೂವಿನ ಕಾಲದಲ್ಲಿ 70ರವರೆಗೂ. ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಹಳ್ಳಿ ರಸ್ತೆಯಲ್ಲಿ ಸೈಕಲ್ ತುಳಿಯುವವರು ಅದರೊಂದಿಗೆ ಪಂದ್ಯ ಕಟ್ಟುವುದು ಬೇಡ.

ಇಂಧನದ ವಿಷಯ ಹೇಳಬೇಕು. ಹಾರಾಟಕ್ಕೆ ಗಂಟೆಗೆ ಹತ್ತು ಮಿಲಿಗ್ರಾಂ ಆಸುಪಾಸು ಸಕ್ಕರೆ ಬೇಕು. ಹೊರಡುವ ಮುನ್ನ ಗೂಡಿನ ತುಪ್ಪವನ್ನು ಅಳತೆಯಲ್ಲಿ ಹೀರಿಕೊಂಡೇ ಹೊರಡುತ್ತದೆ. ಆಮ್ಲಜನಕ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಸ್ನಾಯುವಿಗೆ ಎಂಬ ಸುತ್ತುಬಳಸು ಇಲ್ಲ. ಮೈಯ ಬದಿಯ ರಂಧ್ರಗಳಿಂದ ಹೊರಟ ನವಿರಾದ ಗಾಳಿಕೊಳವೆಗಳು ಕವಲೊಡೆಯುತ್ತಾ ನೇರ ಸ್ನಾಯುವಿನ ಒಳಕ್ಕೇ ಹೋಗುತ್ತವೆ.

ಅಷ್ಟು ವೇಗದಲ್ಲಿ ಕೊಂಬೆಗಳ ನಡುವೆ ನುಗ್ಗಿದರೂ ಡಿಕ್ಕಿ ಹೊಡೆಯುವುದಿಲ್ಲವೇಕೆ?

ಮೇಲೇಳುವುದು ಹಾರಾಟದ ಅರ್ಧ ಭಾಗ. ಉಳಿದರ್ಧ ಕಣ್ಣಿನ ಕೆಲಸ. ಇದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಮಂಡ್ಯಂ ವೀರಾಂಬುಧಿ ಶ್ರೀನಿವಾಸನ್. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಮತ್ತು ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಜೇನಿನ ದೃಷ್ಟಿಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. 2006ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿಯವರ ವಿಜ್ಞಾನ ಪ್ರಶಸ್ತಿ ಅವರಿಗೆ ಬಂತು.

ಜೇನಿನ ಎರಡು ಕಣ್ಣುಗಳು ತೀರ ಹತ್ತಿರ ಇವೆ, ಅಲುಗಾಡುವುದೂ ಇಲ್ಲ. ನಮ್ಮಂತೆ ಎರಡು ಕಣ್ಣಿನ ನೋಟ ಹೋಲಿಸಿ ದೂರ ಅಳೆಯುವುದು ಅದಕ್ಕೆ ಕಷ್ಟ. ಬದಲಿಗೆ ಅದು ದೃಶ್ಯದ ಓಟವನ್ನು ನೋಡುತ್ತದೆ. ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಹತ್ತಿರದ ಬೇಲಿ ಸರ್ರನೆ ಓಡುವುದೂ ದೂರದ ಗುಡ್ಡ ನಿಂತಲ್ಲೇ ಇರುವುದೂ ಗೊತ್ತಿದೆ. ಜೇನಿಗೆ ಅಷ್ಟು ಸಾಕು. ವೇಗವಾಗಿ ಓಡುವುದು ಹತ್ತಿರ, ನಿಧಾನವಾಗಿ ಓಡುವುದು ದೂರ.

ಜೇನುಗಳನ್ನು ಸಣ್ಣ ಸುರಂಗದಲ್ಲಿ ಹಾರಲು ಪಳಗಿಸಿದರು. ಎರಡೂ ಗೋಡೆಗೆ ನಿಲುಪಟ್ಟೆಗಳು. ಹುಳು ಸರಿಯಾಗಿ ನಡುವಿನಲ್ಲೇ ಹೋಗುತ್ತಿತ್ತು. ಆಮೇಲೆ ಒಂದು ಗೋಡೆಯ ಪಟ್ಟೆಗಳನ್ನು ಹುಳು ಹೋಗುವ ದಿಕ್ಕಿಗೇ ಓಡಿಸಿದರು. ಆ ಬದಿಯ ದೃಶ್ಯ ನಿಧಾನವಾಗಿ ಸರಿದಂತೆ ಕಂಡಿತು, ಗೋಡೆ ದೂರವಿದೆ ಎಂದುಕೊಂಡ ಹುಳು ಅತ್ತ ವಾಲಿತು. ಎರಡೂ ಕಣ್ಣಿಗೆ ದೃಶ್ಯದ ಓಟ ಸಮನಾಗಿರುವಂತೆ ನೋಡಿಕೊಂಡರೆ ಕೊಂಬೆಗಳ ನಡುವಿನ ದಾರಿ ತಾನಾಗಿ ಸಿಗುತ್ತದೆ.

ದೂರದ ಲೆಕ್ಕವೂ ಇದರಿಂದಲೇ. ಹೂವು ಎಷ್ಟು ದೂರ ಎಂದು ಕುಣಿದು ಹೇಳುವ ಜೇನು, ಖರ್ಚಾದ ಶಕ್ತಿಯಿಂದ ದೂರ ಅಳೆಯುತ್ತದೆ ಎಂದು ಬಹುಕಾಲ ನಂಬಿಕೆಯಿತ್ತು. ಹರಾಲ್ಡ್ ಎಶ್ ಮತ್ತು ಜಾನ್ ಬರ್ನ್ಸ್ ಎಂಬವರು ಆಹಾರದ ಬಟ್ಟಲನ್ನು ಬಲೂನಿಗೆ ಕಟ್ಟಿ ಮೇಲೇರಿಸಿದರು. ಮೇಲಕ್ಕೆ ಏರಬೇಕಾದ್ದರಿಂದ ಶ್ರಮ ಹೆಚ್ಚು, ಆದರೂ ಹುಳುಗಳು ಕುಣಿತದಲ್ಲಿ ದೂರ ಕಡಿಮೆ ಎಂದವು. ಎತ್ತರದಿಂದ ನೋಡಿದರೆ ನೆಲ ನಿಧಾನವಾಗಿ ಓಡುತ್ತದಲ್ಲ! ಶ್ರೀನಿವಾಸನ್ ತಂಡ 2000ದಲ್ಲಿ ಇದರ ಇನ್ನೊಂದು ಮಗ್ಗುಲನ್ನು ತೋರಿಸಿತು: ಇಕ್ಕಟ್ಟಾದ, ಒಳಗೋಡೆಗೆ ಚಿತ್ತಾರ ಅಂಟಿಸಿದ ಸುರಂಗದಲ್ಲಿ ಕೇವಲ ಆರು ಮೀಟರ್ ಹಾರಿಬಂದ ಹುಳುಗಳು ಗೂಡಿನಲ್ಲಿ ನೂರು ಮೀಟರಿಗೂ ಮಿಕ್ಕಿ ಹೋಗಿ ಬಂದಂತೆ ಕುಣಿದವು. ಅವು ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಿದವು.

ಹೂವಿನ ಮೇಲೆ ಅಷ್ಟು ಮೆತ್ತಗೆ ಇಳಿಯುವುದು?

ನಿಯಮ ಒಂದೇ. ಇಳಿಯುವಾಗ ನೆಲದ ದೃಶ್ಯ ಒಂದೇ ವೇಗದಲ್ಲಿ ಓಡುವಂತೆ ಹುಳು ತನ್ನ ವೇಗವನ್ನು ತಗ್ಗಿಸುತ್ತಾ ಬರುತ್ತದೆ. ಕೆಳಗೆ ಬಂದಷ್ಟೂ ವೇಗ ಕಡಿಮೆಯಾಗಲೇಬೇಕು, ಮುಟ್ಟುವ ಹೊತ್ತಿಗೆ ಸೊನ್ನೆಗೆ ಹತ್ತಿರ. ಎತ್ತರ ಅಳೆಯಬೇಕಿಲ್ಲ, ವೇಗ ಅಳೆಯಬೇಕಿಲ್ಲ. ಪೈಲಟ್ ಇಲ್ಲದ ಸಣ್ಣ ವಿಮಾನಗಳನ್ನು ಇಳಿಸಲು ಎಂಜಿನಿಯರರು ಇದನ್ನೇ ಎರವಲು ಪಡೆದಿದ್ದಾರೆ.

ಕೊನೆಯ ಗಳಿಗೆಯನ್ನು ಪೆಟ್ಟಿಗೆಯ ಬಾಗಿಲಲ್ಲಿ ನೀವೇ ನೋಡಬಹುದು. ಹಲಗೆಗೆ ಇನ್ನು ಒಂದೂವರೆ ಸೆಂಟಿಮೀಟರ್ ಇದೆ ಎನ್ನುವಾಗ ಹುಳು ಒಂದು ಚಣ ಗಾಳಿಯಲ್ಲಿ ನಿಲ್ಲುತ್ತದೆ. ಹಲಗೆ ಸಮತಟ್ಟಾಗಿದ್ದರೆ ಮೊದಲು ತಾಗುವುದು ಹಿಂಗಾಲು. ಕಡಿದಾಗಿದ್ದರೆ ಅಥವಾ ತಲೆಕೆಳಗಾಗಿದ್ದರೆ ಕುಡಿಮೀಸೆ ಮೊದಲು ತಾಗಿ, ಆಮೇಲೆ ಮುಂಗಾಲು ಹಿಡಿಯುತ್ತದೆ.

ಕೆರೆಯ ನೀರಿನ ಮೇಲೆ ಜೇನು ಬಿದ್ದು ತೇಲುವುದನ್ನು ನೋಡಿದ್ದೇನೆ. ಏಕೆ?

ನೀರು ಕುಡಿಯಲು ಬಂದು ಜಾರಿ ಬಿದ್ದವೇ ಹೆಚ್ಚು. ಆದರೆ ಇನ್ನೊಂದು ಕಾರಣವೂ ಉಂಟು. 1960ರ ದಶಕದಲ್ಲಿ ಹೆರಾನ್ ಮತ್ತು ಮಾರ್ಟಿನ್ ಲಿಂಡೌಯರ್ ಸರೋವರವೊಂದರ ಮೇಲೆ ಜೇನುಗಳನ್ನು ಹಾರಿಸಿದಾಗ, ಅಲೆ ಇದ್ದ ದಿನ ಅವು ದಾಟಿದವು; ನೀರು ಕನ್ನಡಿಯಂತೆ ನಿಂತ ದಿನ ಎತ್ತರ ಕಳೆದುಕೊಳ್ಳುತ್ತಾ ಬಂದು ನೀರಿಗೆ ಬಿದ್ದವು. ಕೆಳಗೆ ಓಡುವ ದೃಶ್ಯವೇ ಇಲ್ಲದಿದ್ದರೆ ಎತ್ತರ ತಿಳಿಯುವುದು ಹೇಗೆ? ಸಾಕಣೆದಾರರು ನೀರಿನ ತಟ್ಟೆಗೆ ಕಲ್ಲು, ಕಡ್ಡಿ, ತೆಂಗಿನ ನಾರು ಹಾಕಿಡುವುದು ಹುಳುಗಳಿಗೆ ಕಾಲೂರಲು ಜಾಗ ಸಿಗಲೆಂದು.

ಜೋರು ಗಾಳಿ, ಮಳೆ ಬಂದರೆ?

ಮಳೆಯಲ್ಲಿ ಹಾರುವುದಿಲ್ಲ. ಮೈ ಒದ್ದೆಯಾದರೆ ಭಾರ ಹೆಚ್ಚುತ್ತದೆ, ಮೈ ತಣ್ಣಗಾಗುತ್ತದೆ, ರೆಕ್ಕೆಗಳು ಅಂಟಿಕೊಳ್ಳುತ್ತವೆ. ಮಲೆನಾಡಿನ ಆಷಾಢದಲ್ಲಿ ಜೇನು ಕುಟುಂಬಗಳು ಹಸಿವಿನಿಂದ ಸೊರಗಲು ಹೂವಿಲ್ಲದಿರುವುದು ಒಂದು ಕಾರಣ, ಇದು ಇನ್ನೊಂದು. ಆಗ ಸಕ್ಕರೆ ಪಾಕ ಇಡಬೇಕಾಗುತ್ತದೆ. ಗಾಳಿಯ ವಿಷಯದಲ್ಲಿ ಪನಾಮಾದ ಆರ್ಕಿಡ್ ದುಂಬಿಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನ ಸ್ವಾರಸ್ಯಕರ. ಹುಚ್ಚುಗಾಳಿಯಲ್ಲಿ ಅವು ಹಿಂಗಾಲುಗಳನ್ನು ಇಳಿಬಿಟ್ಟು ಹೊರಳದಂತೆ ಸಮತೋಲ ಕಾಯ್ದುಕೊಳ್ಳುತ್ತವೆ, ಅದಕ್ಕಾಗಿ ಹೆಚ್ಚಿನ ಎಳೆತವನ್ನೂ ಸಹಿಸುತ್ತವೆ.

ಎಷ್ಟು ಎತ್ತರಕ್ಕೆ ಹಾರಬಲ್ಲವು?

ಜೇನಿಗೆ ಹೂವಿರುವ ಎತ್ತರ ಸಾಕು. ಸಾಮರ್ಥ್ಯದ ಪ್ರಶ್ನೆಯಾದರೆ ದಾಖಲೆ ಅದರ ನೆಂಟರದ್ದು. ಚೀನಾದ ಸಿಚುವಾನ್ ಪರ್ವತಗಳಲ್ಲಿ 3,250 ಮೀಟರ್ ಎತ್ತರದಲ್ಲಿ ಹಿಡಿದ ರೋಮಭರಿತ ದುಂಬಿಗಳನ್ನು ಮೈಕೆಲ್ ಡಿಲನ್ ಮತ್ತು ರಾಬರ್ಟ್ ಡಡ್ಲಿ ಪೆಟ್ಟಿಗೆಯಲ್ಲಿಟ್ಟು ಒಳಗಿನ ಒತ್ತಡ ತಗ್ಗಿಸುತ್ತಾ ಹೋದರು. ಕೆಲವು 9,000 ಮೀಟರಿಗೆ ಸಮನಾದ ತೆಳುಗಾಳಿಯಲ್ಲೂ ಹಾರಿದವು. ಎವರೆಸ್ಟ್‌ನ ತುದಿ ಅದಕ್ಕಿಂತ ಕೆಳಗೆ. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲೂ ಉಪಾಯ ಅದೇ: ಬಡಿತ ಹೆಚ್ಚಿಸದೆ ಬೀಸಿನ ಅಗಲ ಹಿಗ್ಗಿಸುವುದು.

ರಾಣಿ ಜೇನು ಹಾರುತ್ತದೆಯೇ?

ಹಾರುತ್ತದೆ, ಅಪರೂಪಕ್ಕೆ. ಎಳೆಯ ರಾಣಿ ಗಂಡು ನೊಣಗಳೊಡನೆ ಕೂಡುವುದು ಗಾಳಿಯಲ್ಲಿಯೇ, ಹತ್ತಕ್ಕೂ ಹೆಚ್ಚು ಗಂಡುಗಳೊಡನೆ. ಕೂಡಿದ ಗಂಡು ಅಲ್ಲಿಯೇ ಸಾಯುತ್ತದೆ. ಆಮೇಲೆ ರಾಣಿ ಹೊರಬೀಳುವುದು ಕುಟುಂಬ ಪಾಲಾಗುವಾಗ. ಮೊಟ್ಟೆ ತುಂಬಿದ ರಾಣಿಗೆ ಮೈ ಭಾರ, ಆದ್ದರಿಂದ ಹೊರಡುವ ದಿನಗಳ ಮೊದಲೇ ಕೆಲಸಗಾರ ಹುಳುಗಳು ಅವಳ ಊಟ ಕಡಿಮೆ ಮಾಡಿ ಮೈ ಇಳಿಸುತ್ತವೆ. ಪಥ್ಯ ರಾಣಿಯ ಇಚ್ಛೆಯಲ್ಲ, ಪ್ರಜೆಗಳ ತೀರ್ಮಾನ.

ರೆಕ್ಕೆ ಹರಿದರೆ ಮತ್ತೆ ಬೆಳೆಯುತ್ತದೆಯೇ?

ಬೆಳೆಯುವುದಿಲ್ಲ. ವಯಸ್ಸಾದ ಹುಳುವಿನ ರೆಕ್ಕೆಯ ಅಂಚು ಎಲೆ, ಮುಳ್ಳು ತಾಗಿ ಚಿಂದಿಯಾಗಿರುತ್ತದೆ. ಇದ್ದಷ್ಟು ರೆಕ್ಕೆಯಲ್ಲೇ ಹಾರಬೇಕು, ಇನ್ನೂ ಹೆಚ್ಚು ಬಡಿಯಬೇಕು. ಕೆಲಸದ ಕಾಲದಲ್ಲಿ ಹುಳುವಿನ ಆಯುಸ್ಸು ಐದಾರು ವಾರ, ಹೊರಗೆ ದುಡಿಯುವುದು ಅದರ ಕೊನೆಯ ಪಾಲಿನಲ್ಲಿ.

ಯಂತ್ರದ ಜೇನು ಮಾಡಿದ್ದಾರಂತೆ?

ಮಾಡಿದ್ದಾರೆ. ಹಾರ್ವರ್ಡ್‌ನ ರೋಬೋಬೀ 2013ರಲ್ಲಿ ನಿಯಂತ್ರಣ ತಪ್ಪದೆ ಹಾರಿತು. ತೂಕ ಸುಮಾರು 80 ಮಿಲಿಗ್ರಾಂ, ಸೆಕೆಂಡಿಗೆ 120 ಬಡಿತ. ಆದರೆ ವಿದ್ಯುತ್ತು ಕೂದಲೆಳೆಯಂಥ ತಂತಿಯಲ್ಲಿ ಹೊರಗಿನಿಂದ ಬರಬೇಕಿತ್ತು. 2019ರಲ್ಲಿ ಸೌರಕೋಶ ಹೊತ್ತ ನಾಲ್ಕು ರೆಕ್ಕೆಯ ಮಾದರಿ ತಂತಿಯಿಲ್ಲದೆ ಹಾರಿತು, ಬಿಸಿಲಿಗಿಂತ ಪ್ರಖರವಾದ ದೀಪದ ಕೆಳಗೆ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಇವು ಪರಾಗಸ್ಪರ್ಶ ಮಾಡಿ ಜೇನಿನ ಜಾಗ ತುಂಬುತ್ತವೆ ಎನ್ನುವವರಿದ್ದಾರೆ. ಒಂದು ಹನಿ ಮಕರಂದದಲ್ಲಿ ಓಡಿ, ತನ್ನ ಸಂತಾನವನ್ನು ತಾನೇ ಬೆಳೆಸುವ ಯಂತ್ರ ಬಂದ ದಿನ ಆ ಚರ್ಚೆ ಮಾಡೋಣ.

ಜೇನು ರಾತ್ರಿಯೂ ಹಾರುತ್ತದೆಯೇ? ನಮ್ಮ ಮನೆಯ ಟ್ಯೂಬ್‌ಲೈಟಿಗೆ ಹೆಜ್ಜೇನು ಬರುತ್ತದೆ.

ತುಡುವೆ, ಕೋಲುಜೇನು, ಮುಜಂಟಿ ಹಗಲಿನವು. ಹೆಜ್ಜೇನು ಬೆಳದಿಂಗಳಿನಲ್ಲಿ ಹಾರಬಲ್ಲದು, ಮಂದ ಬೆಳಕಿಗೆ ಅದರ ದೊಡ್ಡ ಕಣ್ಣುಗಳು ನೆರವಾಗುತ್ತವೆ. ಇವೆಲ್ಲವನ್ನೂ ಮೀರಿಸಿದ್ದು ಪಶ್ಚಿಮಘಟ್ಟದ ಒಂದು ಮರಕೊರೆಯುವ ದುಂಬಿ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹೇಮಾ ಸೋಮನಾಥನ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದಂತೆ, ಅದು ಚಂದ್ರನಿಲ್ಲದ ರಾತ್ರಿಯಲ್ಲೂ ಹಾರುತ್ತದೆ.

ಟ್ಯೂಬ್‌ಲೈಟಿಗೆ ಬಂದ ಹೆಜ್ಜೇನನ್ನು ಪೊರಕೆಯಿಂದ ಅಟ್ಟಿಸಬೇಡಿ. ಒಳಗಿನ ದೀಪ ಆರಿಸಿ, ಕಿಟಕಿ ತೆರೆದು, ಹೊರಗಿನ ದೀಪವಿದ್ದರೆ ಹೊತ್ತಿಸಿ. ಬೆಳಕಿನತ್ತ ತಾನಾಗಿ ಹೋಗುತ್ತದೆ. ನೆಲಕ್ಕೆ ಬಿದ್ದು ತೆವಳುತ್ತಿದ್ದರೆ ಗಾಜಿನ ಲೋಟ ಮುಚ್ಚಿ, ಅಡಿಗೆ ರಟ್ಟು ತೂರಿಸಿ ಹೊರಗೆ ಬಿಡಿ. ಮಕ್ಕಳು ಬರಿಗಾಲಿನಲ್ಲಿ ಓಡಾಡುವ ಮನೆಯಾದರೆ ಬೆಳಿಗ್ಗೆ ದೀಪದ ಕೆಳಗಿನ ನೆಲವನ್ನು ಮೊದಲು ಗುಡಿಸಿ, ಸತ್ತ ಹುಳುವಿನ ಕೊಂಡಿಯೂ ಚುಚ್ಚುತ್ತದೆ.